ಸ್ಪೋರ್ಟ್ಸ್ ಕಾರಿನ ಸೀಟು ಬಿರಿದಿದೆ: ಬಣ್ಣ ಹಾಕಿಸಿದರೆ ಸಾಕಾ, ಹೊಸದಾಗಿ ಹೊಲಿಸಬೇಕಾ?

ಪ್ರಶ್ನೆ: ನಾನಿರುವುದು ಕಾರವಾರದಲ್ಲಿ. ಹೋದ ವರ್ಷ ಹಳೆಯ ಆಡಿ ಟಿಟಿ ಕೊಂಡೆ. ಗಾಡಿ ಚೆನ್ನಾಗಿದೆ, ಆದರೆ ಕಪ್ಪು ಲೆದರ್‌ನ ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಉಬ್ಬು ಬಣ್ಣ ಬಿಟ್ಟು ಬಿರುಕು ಬಿರುಕಾಗಿದೆ. ಮಳೆಗಾಲದಲ್ಲಿ ಬೂಷ್ಟು ಬೇರೆ. ಹುಬ್ಬಳ್ಳಿಯ ಅಂಗಡಿಯವರು ಎರಡೂ ಸೀಟು ಪೂರ್ತಿ ಹೊಲಿಸಿಬಿಡಿ ಅಂತಾರೆ. ಗೋವಾದ ಗೆಳೆಯ ಬಣ್ಣ ಹೊಡೆಸಿದರೆ ಸಾಕು ಅಂತಾನೆ. ಯಾರ ಮಾತು ಕೇಳಲಿ? ಹೇಗೂ ಕೆಲಸ ಮಾಡಿಸುವಾಗ ಕೆಂಪು ಬಣ್ಣ, ಕೆಂಪು ದಾರದ ಹೊಲಿಗೆ ಮಾಡಿಸಬಹುದಾ?

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಬಣ್ಣವೇ ಸಾಕಾಗಬಹುದು. ಹೆಚ್ಚೆಂದರೆ ಆ ಉಬ್ಬಿನ ಒಂದು ತುಂಡು ಬದಲಿಸಬೇಕಾದೀತು. ಎರಡೂ ಸೀಟು ಪೂರ್ತಿ ಬಿಚ್ಚಿಸುವ ಮೊದಲು ಹಾಳಾಗಿರುವುದು ಯಾವ ಪದರ ಅಂತ ನೋಡಿಕೊಳ್ಳಿ. ಅದನ್ನು ನೀವೇ ಮನೆಯಂಗಳದಲ್ಲಿ ನೋಡಬಹುದು.

ಕಾರಿನ ಲೆದರ್ ಚಪ್ಪಲಿಯ ಲೆದರ್ ತರಹ ಬರಿ ತೊಗಲಲ್ಲ. ತೊಗಲಿನ ಮೇಲೆ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಬಣ್ಣದ ಪದರ ಇರುತ್ತದೆ, ಅದರ ಮೇಲೆ ಬಣ್ಣವಿಲ್ಲದ ತೆಳು ಟಾಪ್ ಕೋಟ್. ನೀವು ದಿನಾ ಮುಟ್ಟುವುದು ಈ ಟಾಪ್ ಕೋಟನ್ನು. ಸ್ಪೋರ್ಟ್ಸ್ ಕಾರಿನ ಸೀಟು ನೆಲಕ್ಕೆ ಹತ್ತಿರ, ಪಕ್ಕದ ಉಬ್ಬು ಎತ್ತರ. ಹತ್ತುವಾಗ ಇಳಿಯುವಾಗ ಇಡೀ ಮೈಭಾರ ಆ ಉಬ್ಬಿನ ಮೇಲೆ ಜಾರುತ್ತದೆ, ಜೀನ್ಸಿನ ಹೊಲಿಗೆ ಉಜ್ಜುತ್ತದೆ. ನಮ್ಮ ಕಡೆ ಇದರ ಜೊತೆ ಬೆವರಿನ ಉಪ್ಪು, ಟ್ಯಾಗೋರ್ ಬೀಚಿನಿಂದ ಬಟ್ಟೆಗೆ ಅಂಟಿ ಬಂದ ಮರಳು. ಬೇರೆ ಊರಿನಲ್ಲಿ ಹತ್ತು ವರ್ಷ ತಾಳುವ ಟಾಪ್ ಕೋಟ್ ಕರಾವಳಿಯಲ್ಲಿ ಅಷ್ಟು ತಾಳದಿದ್ದರೆ ಆಶ್ಚರ್ಯವಿಲ್ಲ.

ಈಗ ಪರೀಕ್ಷೆ. ಕಾರನ್ನು ಬೆಳಕಿಗೆ ನಿಲ್ಲಿಸಿ, ಬಿರುಕಿನ ಎರಡೂ ಬದಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಅಗಲಿಸಿ. ಬಿರುಕಿನ ತಳ ನಯವಾಗಿ, ಗಟ್ಟಿಯಾಗಿ ಕಂಡರೆ ಒಡೆದಿರುವುದು ಬಣ್ಣದ ಪದರ ಮಾತ್ರ, ತೊಗಲು ಜೀವಂತ ಇದೆ. ಒಳಗೆ ನಾರು ಎದ್ದು ನಿಂತಿದ್ದರೆ ತೊಗಲೇ ಸೀಳಿದೆ ಎಂದರ್ಥ. ಕ್ರೋಮ್ ಲವಣ ಹಾಕಿ ಹದ ಮಾಡಿದ ತೊಗಲಾದರೆ ಆ ನಾರು ಬೂದು ನೀಲಿ ಬಣ್ಣಕ್ಕೆ ಇರಬಹುದು. ನಾರಿನ ಕೆಳಗೆ ಹಳದಿ ಫೋಮ್ ಇಣುಕಿದರೆ ಬಣ್ಣದ ಮಾತೇ ಬೇಡ. ಕೊನೆಗೆ ಉಬ್ಬನ್ನು ಹಿಂಡಿ ನೋಡಿ. ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು. ಒಳಗೆ ಪುಡಿ ಪುಡಿಯಾದ ಹಾಗೆ ಅನ್ನಿಸಿದರೆ ಫೋಮ್ ಹೋಗಿದೆ. ಅದರ ಮೇಲೆ ಎಷ್ಟು ಒಳ್ಳೆಯ ಬಣ್ಣ ಹಾಕಿದರೂ ಮತ್ತೆ ಸುಕ್ಕು ಬಿದ್ದು ಅಲ್ಲಿಯೇ ಬಿರಿಯುತ್ತದೆ.

ಬೂಷ್ಟಿನ ವಿಚಾರ ಮೊದಲು ಮುಗಿಸೋಣ, ಯಾಕೆಂದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಗಾಳಿಯ ತೇವ ಶೇಕಡಾ 70 ದಾಟಿದರೆ ಬೂಷ್ಟಿಗೆ ಅಷ್ಟು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಅದು 80ರ ಮೇಲೆಯೇ ಇರುತ್ತದೆ. ಶಿರಸಿ, ಸಿದ್ದಾಪುರದ ಕಡೆ ತೋಟದ ನೆರಳಿನಲ್ಲಿ ನಿಲ್ಲುವ ಕಾರುಗಳ ಕಥೆಯೂ ಇದೇ. ಬಾಗಿಲು ತೆರೆದಿಟ್ಟು, ಮೂಗಿಗೆ ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಬೂಷ್ಟನ್ನು ಹೊರಗಡೆಗೆ ಉದುರಿಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿ ಒರೆಸಿ. ಸೀಟಿನ ಮೇಲೆ ನೇರ ಸುರಿಯಬೇಡಿ. ಮೊದಲು ಕಾಣದ ಕಡೆ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕಾಲಡಿಯ ಕಾರ್ಪೆಟ್ ಎತ್ತಿ ಕೆಳಗೆ ಕೈ ಹಾಕಿ ನೋಡುವುದನ್ನು ಮರೆಯಬೇಡಿ. ಅಲ್ಲಿ ಒದ್ದೆ ಇದ್ದರೆ ನೀರು ಎಲ್ಲಿಂದಲೋ ಒಳಗೆ ಬರುತ್ತಿದೆ. ಅದನ್ನು ನಿಲ್ಲಿಸದೆ ಸೀಟಿಗೆ ಖರ್ಚು ಮಾಡುವುದು ದುಡ್ಡು ದಂಡ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಸೀಟಿಗೆ ತೆಂಗಿನೆಣ್ಣೆ ಹಚ್ಚಬೇಡಿ. ನಮ್ಮ ಕಡೆ ಯಾವುದು ಒಣಗಿದರೂ ಕೈ ಮೊದಲು ಹೋಗುವುದು ಎಣ್ಣೆ ಬಾಟಲಿಗೇ, ಅಲ್ವಾ? ಆದರೆ ಟಾಪ್ ಕೋಟ್ ಇರುವ ಲೆದರ್ ಎಣ್ಣೆಯನ್ನು ಹೀರುವುದಿಲ್ಲ. ಅದು ಮೇಲೆ ಉಳಿದು ಧೂಳು ಹಿಡಿಯುತ್ತದೆ, ಬಿರುಕಿನೊಳಗೆ ಇಳಿದು ಬೂಷ್ಟಿಗೆ ಊಟವಾಗುತ್ತದೆ. ಮುಂದೆ ಬಣ್ಣ ಹಾಕುವಾಗ ಆ ಜಾಗದಲ್ಲಿ ಬಣ್ಣ ಅಂಟುವುದೇ ಇಲ್ಲ. ಶೂ ಪಾಲಿಶ್ ಕೂಡ ಬೇಡ, ಎರಡನೇ ದಿನ ಬಿಳಿ ಪಂಚೆಯ ಮೇಲೆ ಇರುತ್ತದೆ.

ತೊಗಲು ಗಟ್ಟಿ ಇದೆ ಅಂತ ಗೊತ್ತಾದರೆ ಬಣ್ಣದ ಕೆಲಸ. ಇದನ್ನು ಯಾರ ಹತ್ತಿರ ಮಾಡಿಸಿದರೂ ಪಕ್ಕದಲ್ಲಿ ನಿಂತು ನೋಡಿ. ಈ ಕೆಲಸದ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿಯುತ್ತದೆ. ಮೊದಲು ಲೆದರ್ ಕ್ಲೀನರ್, ಮೆತ್ತನೆ ಬ್ರಷ್. ನೊರೆ ಕಪ್ಪಾಗಿ ಏಳುತ್ತದೆ, ಅದು ವರ್ಷಗಳ ಬೆವರು. ನೊರೆ ಬೆಳ್ಳಗೆ ಬರುವವರೆಗೂ ಬಿಡಬಾರದು. ಆಮೇಲೆ ಆಲ್ಕೊಹಾಲಿನಿಂದ ಜಿಡ್ಡು ತೆಗೆದು, 400ರಿಂದ 600 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಬೇಕು. ಬಿರುಕಿನ ಎದ್ದ ಅಂಚುಗಳು ಕೂತು, ಕೈಯಾಡಿಸಿದರೆ ಬೆರಳಿಗೆ ಏನೂ ತಡೆಯಬಾರದು. ಉಳಿದ ಗೆರೆಗಳಿಗೆ ಲೆದರ್ ಫಿಲ್ಲರ್. ಗೋಡೆಯ ಪುಟ್ಟಿಯಾಗಲಿ ಡೆಂಟಿಂಗ್ ಪುಟ್ಟಿಯಾಗಲಿ ಇಲ್ಲಿಗೆ ಆಗುವುದಿಲ್ಲ. ಅವು ಬಾಗುವುದಿಲ್ಲ, ನೀವು ಕೂತ ತಕ್ಷಣ ಒಡೆಯುತ್ತವೆ. ಲೆದರ್ ಫಿಲ್ಲರ್ ಒಣಗಿದ ಮೇಲೂ ಬಾಗುತ್ತದೆ. ಒಂದೇ ಸಲ ದಪ್ಪಗೆ ಮೆತ್ತದೆ, ತೆಳ್ಳಗೆ ಹಾಕಿ, ಒಣಗಿಸಿ, ಉಜ್ಜಿ, ಮತ್ತೆ ಹಾಕಬೇಕು.

ಬಣ್ಣ ಬರುವುದು ಇಷ್ಟೆಲ್ಲ ಆದಮೇಲೆ. ಲೆದರ್‌ಗೆ ಅಂತಲೇ ಇರುವ ನೀರಿನ ಬಣ್ಣ (ವಾಟರ್ ಬೇಸ್ಡ್), ಅದು ಹಿಡಿದುಕೊಳ್ಳಲಿ ಅಂತ ಕೆಳಗೆ ಪ್ರೈಮರ್. ಮೊದಲ ಕೋಟನ್ನು ಸ್ಪಂಜಿನಿಂದ ಒತ್ತಿ, ಉಳಿದವನ್ನು ಸ್ಪ್ರೇ ಗನ್‌ನಿಂದ ತೆಳುವಾಗಿ ಹೊಡೆದು, ನಡುವೆ ಹೇರ್ ಡ್ರೈಯರ್‌ನಿಂದ ಒಣಗಿಸುತ್ತಾರೆ. ಗಾಳಿಯಾಡಲು ಸಣ್ಣ ಸಣ್ಣ ತೂತು ಇಟ್ಟಿರುವ ಲೆದರ್ ಆದರೆ ಇನ್ನೂ ತೆಳು, ಇಲ್ಲವಾದರೆ ತೂತುಗಳು ಮುಚ್ಚಿಹೋಗುತ್ತವೆ. ಬಣ್ಣವನ್ನು ಬಿರಿದ ಜಾಗಕ್ಕಷ್ಟೇ ತೇಪೆಯ ಹಾಗೆ ಹಾಕಬಾರದು. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ತುಂಡಿಗೆ ಹಾಕಬೇಕು. ಹಾಗಾದರೆ ಸಣ್ಣ ವ್ಯತ್ಯಾಸ ಹೊಲಿಗೆಯಲ್ಲಿ ಮರೆಯಾಗುತ್ತದೆ. ಸೀಟಿನ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ಕಂಪನಿಯ ಮೂಲ ಬಣ್ಣಕ್ಕೆ ಹೊಂದಿಸಿದರೆ ಆ ತುಂಡು ಮಾತ್ರ ಹೊಸತಾಗಿ ಕಾಣುತ್ತದೆ. ಪಕ್ಕದ ತುಂಡಿನ ಈಗಿನ ಬಣ್ಣಕ್ಕೇ ಹೊಂದಿಸಲು ಹೇಳಿ. ಕೊನೆಗೆ ಟಾಪ್ ಕೋಟ್. ಅದಕ್ಕೆ ಗಟ್ಟಿಗೊಳಿಸುವ ಕ್ರಾಸ್‌ಲಿಂಕರ್ ಬೆರೆಸಿದರೆ ಜಾಸ್ತಿ ಬಾಳಿಕೆ. ಹೊಳಪು ಮಾತ್ರ ಬೇಡ, ಮ್ಯಾಟ್ ಕೇಳಿ. ಹೊಳೆಯುವ ಲೆದರ್ ನೋಡಿದರೆ ರೆಕ್ಸಿನ್ ಅಂತಲೇ ಅನ್ನಿಸುತ್ತದೆ.

ಕಾಲ ಯಾವುದು ಅನ್ನುವುದೂ ಮುಖ್ಯ. ನೀರಿನ ಬಣ್ಣ ಒಣಗಲು ಒಣ ಗಾಳಿ ಬೇಕು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಆಷಾಢದಲ್ಲಿ ಈ ಕೆಲಸ ಹಿಡಿದರೆ ಮೇಲಿನ ಕೋಟ್ ಒಣಗಿದ ಹಾಗೆ ಕಂಡು ಕೆಳಗೆ ಹಸಿಯಾಗಿಯೇ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮುಗಿದ ಮೇಲೆ ಒಂದು ದಿನವಾದರೂ ಸೀಟಿನ ಮೇಲೆ ಕೂರಬೇಡಿ. ಮೊದಲ ವಾರ ಒರೆಸುವುದು, ತೊಳೆಯುವುದು ಬೇಡ.

ಬಿರುಕಿನಲ್ಲಿ ನಾರು ಕಂಡಿದ್ದರೆ? ಆಗ ಆ ತುಂಡೊಂದನ್ನೇ ಬದಲಿಸಿ. ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಇದು, ಆದರೆ ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಕವರ್ ತೆಗೆದು, ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಹಳೆಯ ತುಂಡನ್ನೇ ಹೊಸ ಲೆದರ್ ಮೇಲೆ ಹರವಿ ಅಳತೆ ತೆಗೆಯುತ್ತಾರೆ. ಹೊಲಿಗೆ ಸೇರುವ ಕಡೆಗಳಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿಕೊಳ್ಳುವವರ ಕೈಗೆ ಧೈರ್ಯವಾಗಿ ಕೊಡಿ. ಆ ಗುರುತಿಲ್ಲದೆ ಹೊಲಿದರೆ ಉಬ್ಬಿನ ತಿರುವಿನಲ್ಲಿ ಸುಕ್ಕು ಬೀಳುತ್ತದೆ. ನಮ್ಮ ಕುಮಟಾ, ಅಂಕೋಲಾ, ಕಾರವಾರದ ಕುಶನ್ ಅಂಗಡಿಗಳಲ್ಲಿ ಕೈ ಪಳಗಿದವರು ಇದ್ದಾರೆ. ಆದರೆ ಅವರ ದಿನದ ಕೆಲಸ ರೆಕ್ಸಿನ್‌ನದು, ಹಾಗಾಗಿ ಲೆದರ್ ಮತ್ತು ದಾರವನ್ನು ನೀವೇ ತಂದುಕೊಡುವುದು ಒಳ್ಳೆಯದು. ಕಾರಿನ ಸೀಟಿಗೆ 1ರಿಂದ 1.2 ಮಿ.ಮೀ. ದಪ್ಪದ ಲೆದರ್ ಬೇಕು. ದಾರ ಬಾಂಡೆಡ್ (ಎಳೆ ಬಿಚ್ಚದ ಹಾಗೆ ಅಂಟು ಲೇಪಿಸಿದ) ಪಾಲಿಯೆಸ್ಟರ್ ಇರಲಿ. ಬಿಸಿಲಿಗೆ ಅದು ನೈಲಾನ್‌ಗಿಂತ ಚೆನ್ನಾಗಿ ತಾಳುತ್ತದೆ. ಹತ್ತಿ ದಾರ ನಮ್ಮ ತೇವಕ್ಕೆ ಕೊಳೆಯುತ್ತದೆ. ಕವರನ್ನು ಫೋಮಿಗೆ ಎಳೆದು ಹಿಡಿಯುವ ಕಂಬಿ, ಉಂಗುರಗಳನ್ನೂ ಆಗಲೇ ನೋಡಿ. ತುಕ್ಕು ಹಿಡಿದಿದ್ದರೆ ಬದಲಿಸಿ, ಬಿಟ್ಟರೆ ತುಕ್ಕಿನ ಕಲೆ ಹೊಸ ಲೆದರ್‌ಗೂ ಇಳಿಯುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಏರ್‌ಬ್ಯಾಗ್. ನಿಮ್ಮ ಕಾರಿನಲ್ಲಿ ಸೈಡ್ ಏರ್‌ಬ್ಯಾಗ್ ಇರುವುದು ಸೀಟಿನೊಳಗೆ, ಒರಗುವ ಭಾಗದಲ್ಲಿ ಬಾಗಿಲ ಕಡೆಗೆ. ಆದ್ದರಿಂದ ಬಿರಿದಿರುವುದು ಕೂರುವ ಭಾಗದ ಉಬ್ಬೋ ಒರಗುವ ಭಾಗದ ಉಬ್ಬೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕೂರುವ ಭಾಗದ್ದಾದರೆ ಮೇಲೆ ಹೇಳಿದ ಹಾಗೆ ತುಂಡು ಬದಲಿಸಬಹುದು. ಒರಗುವ ಭಾಗದ್ದಾದರೆ ಅಲ್ಲಿರುವ ಹೊಲಿಗೆ ಬರಿ ಹೊಲಿಗೆಯಲ್ಲ. ಏರ್‌ಬ್ಯಾಗ್ ಉಬ್ಬಿದಾಗ ಕಣ್ಣು ಮಿಟುಕಿಸುವುದರೊಳಗೆ ಸರಿಯಾದ ಜಾಗದಲ್ಲೇ ಬಿಚ್ಚಿಕೊಳ್ಳಲಿ ಅಂತ ಅಳೆದು ಹಾಕಿದ ಹೊಲಿಗೆ ಅದು. ಅಲ್ಲಿ ಗಟ್ಟಿ ದಾರ, ಅಂಟು, ಫಿಲ್ಲರ್ ಯಾವುದೂ ಬೇಡ. ತೆಳು ಬಣ್ಣದ ಕೋಟ್ ಸಾಕು. ಅಲ್ಲಿನ ತೊಗಲೇ ಹರಿದಿದ್ದರೆ ಕಂಪನಿಯ ಕವರನ್ನೇ ತರಿಸಿ. ಇದೇ ಕಾರಣಕ್ಕೆ ಮೇಲಿಂದ ಹಾಕುವ ರೆಡಿಮೇಡ್ ಸೀಟ್ ಕವರ್ ಕೂಡ ಇಂಥ ಸೀಟಿಗೆ ಬೇಡ. ಸೀಟು ಹೊರಗೆ ತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಬಿಡಿಸಬೇಕು. ಸೀಟು ಹೊರಗಿರುವಾಗ ಯಾರೂ ಇಗ್ನಿಷನ್ ಆನ್ ಮಾಡಬಾರದು. ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ, ಆರಿಸಲು ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಏರ್‌ಬ್ಯಾಗ್ ಎಲ್ಲಿದೆ ಅಂತ ಕೇಳಿದಾಗ ತಟ್ಟನೆ ಬೆರಳಿಟ್ಟು ತೋರಿಸದ ಅಂಗಡಿಗೆ ಸೀಟು ಕೊಡಬೇಡಿ.

ರೇಸಿಂಗ್ ಬಕೆಟ್ ಸೀಟಿನ ಆಸೆ ನಿಮಗಿದ್ದರೂ ಇರಬಹುದು. ಹಾಕಿದರೆ ಸೈಡ್ ಏರ್‌ಬ್ಯಾಗ್ ಹೋಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುವ ಕಾರಿಗೆ ಅದು ಒಳ್ಳೆಯ ವ್ಯಾಪಾರ ಅಲ್ಲ.

ಇನ್ನು ಕೆಂಪು. ಕಪ್ಪು ಲೆದರ್ ಮೇಲೆ ಕೆಂಪು ಬಣ್ಣ ಹಾಕಬಹುದು, ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಆದರೆ ಬಣ್ಣ ಸವೆಯುವುದು ಮೊದಲು ಆ ಉಬ್ಬಿನಲ್ಲೇ. ಸವೆದಲ್ಲಿ ಕೆಳಗಿನ ಕಪ್ಪು ಇಣುಕುತ್ತದೆ. ಕಪ್ಪಿನ ಮೇಲೆ ಕಪ್ಪೇ ಇದ್ದರೆ ಸವೆದಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಉಬ್ಬು ಕಪ್ಪಾಗಿಯೇ ಇರಲಿ. ನಡುವಿನ ತುಂಡುಗಳನ್ನು ಕೆಂಪು ಲೆದರ್‌ನಿಂದಲೇ ಹೊಲಿಸಿ. ಕೆಂಪು ದಾರವನ್ನೂ ಆ ತುಂಡುಗಳಲ್ಲೇ ಹಾಕಿಸಿ, ಹಳೆಯ ಲೆದರ್ ಮೇಲೆ ಅಂದಕ್ಕಾಗಿ ಮತ್ತೊಂದು ಸಾಲು ಓಡಿಸಬೇಡಿ. ಸೂಜಿಯ ಹಳೆಯ ತೂತಿನ ಪಕ್ಕ ಹೊಸ ತೂತು ಬಿದ್ದರೆ ಹಳೆಯ ತೊಗಲು ಆ ಗೆರೆಯಲ್ಲೇ ಹರಿಯುತ್ತದೆ. ಹಳೆಯ ತುಂಡಿನಲ್ಲೂ ಕೆಂಪು ದಾರ ಬೇಕೇ ಬೇಕು ಅಂದರೆ ಹಳೆಯ ತೂತುಗಳಲ್ಲೇ ಕೈಯಿಂದ ಪೋಣಿಸುವವರನ್ನು ಹುಡುಕಿ. ನಿಧಾನದ ಕೆಲಸ, ಕೂಲಿ ಜಾಸ್ತಿ. ಒರಗುವ ಭಾಗದ ಬಾಗಿಲ ಕಡೆಯ ಹೊಲಿಗೆಯನ್ನು ಮಾತ್ರ ಅವರೂ ಮುಟ್ಟಬಾರದು.