ಹೆಸರು ಬೇರೆ, ಬಿರುದು ಬೇರೆ, ರಕ್ತ ಬೇರೆ

ಬೆಂಗಳೂರಿನ ಕಾಕ್ಸ್ ಟೌನಿನಿಂದ ಹಿರಿಯರೊಬ್ಬರು ಕಳೆದ ವರ್ಷ ನನಗೆ ಬರೆದರು. ಆಂಗ್ಲೋ ಇಂಡಿಯನ್ ಮನೆತನ, ಮನೆಹೆಸರು ಫಿಟ್ಜ್‌ಜೆರಾಲ್ಡ್. ಮುತ್ತಜ್ಜನ ಅಪ್ಪ ಐರ್ಲೆಂಡಿನಿಂದ ಬಂದು ಕಂಪನಿಯ ಮದ್ರಾಸ್ ಸೈನ್ಯ ಸೇರಿದವನಂತೆ. "ನಾವು ಲೆನ್‌ಸ್ಟರ್ ಡ್ಯೂಕರ ಕಡೆಯವರು ಅಂತ ನಮ್ಮಜ್ಜ ಸಾಯೋವರೆಗೂ ಹೇಳ್ತಿದ್ರು. ನೀವು ಡಬ್ಲಿನ್‌ನಲ್ಲೇ ಇದ್ದೀರಲ್ಲ ಸರ್, ಒಂದು ವಂಶವೃಕ್ಷ ಮಾಡಿಸಿಕೊಡಿ" ಎಂದಿದ್ದರು.

ಮಾಡಿಸಿಕೊಡಿ ಎಂಬುದು ನಾಡಕಚೇರಿಯ ಮಾತು. ಪೌತಿ ಖಾತೆಗೆ ಅರ್ಜಿ ಹಾಕುವಾಗ ನಾವು ವಂಶವೃಕ್ಷ ಮಾಡಿಸುತ್ತೇವೆ, ಅದರಲ್ಲಿ ಹೆಸರು, ಆಸ್ತಿ, ರಕ್ತ ಮೂರೂ ಒಂದೇ ಗೆರೆಯಲ್ಲಿ ಇಳಿದು ಬರುತ್ತವೆ ಅಂದುಕೊಂಡಿರುತ್ತೇವೆ. ಹಿರೀಕರನ್ನು ಹುಡುಕಿಕೊಡುವ ನನ್ನ ಕಸುಬಿನಲ್ಲಿ ಈ ನಂಬಿಕೆಯನ್ನು ಬಿಡಿಸುವುದಕ್ಕೇ ಅರ್ಧ ಸಮಯ ಹೋಗುತ್ತದೆ. ಐರ್ಲೆಂಡಿನ ದೊಡ್ಡ ಮನೆತನಗಳಲ್ಲಿ ಹೆಸರು ಒಂದು ದಾರಿ ಹಿಡಿದಿರುತ್ತದೆ, ಬಿರುದು ಇನ್ನೊಂದು, ರಕ್ತ ಮತ್ತೊಂದು. ಹಾಗಾಗಿ ಯಾರೇ ಬರೆದರೂ ನಾನು ಮೊದಲು ಕೇಳುವುದು, ಈ ಮೂರರಲ್ಲಿ ನಿಮಗೆ ಬೇಕಾಗಿರುವುದು ಯಾವುದು ಎಂದು.

ಕನ್ನಡಿಗರಿಗೆ ಇದನ್ನು ವಿವರಿಸಲು ನನ್ನ ಹತ್ತಿರ ಒಂದು ಸಿದ್ಧ ಉದಾಹರಣೆ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ಆಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನ ತಮ್ಮ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು. ಐರ್ಲೆಂಡಿನ ಮೀತ್ ಕೌಂಟಿಯ ಈ ಮನೆಯವರ ಮೂಲ ಹೆಸರು ವೆಲ್ಲೆಸ್ಲಿ ಅಲ್ಲವೇ ಅಲ್ಲ, ಕಾಲಿ. ಇವರ ತಾತ ರಿಚರ್ಡ್ ಕಾಲಿಗೆ ಸೋದರತ್ತೆಯ ಮಗನೊಬ್ಬನಿದ್ದ, ಗ್ಯಾರೆಟ್ ವೆಸ್ಲಿ ಅಂತ. ಮಕ್ಕಳಿಲ್ಲದ ಆ ವೆಸ್ಲಿ 1728ರಲ್ಲಿ ತೀರಿಕೊಂಡಾಗ ಡ್ಯಾಂಗನ್‌ನ ಆಸ್ತಿ ಉಯಿಲಿನ ಪ್ರಕಾರ ಕಾಲಿಗೆ ಬಂತು, ಆಸ್ತಿಯ ಜೊತೆ ಹೆಸರೂ ಬಂತು. ವೆಸ್ಲಿಯನ್ನು ವೆಲ್ಲೆಸ್ಲಿ ಎಂದು ಬರೆಯುವ ಹಳೆಯ ಕಾಗುಣಿತವನ್ನು ಅಣ್ಣ ರಿಚರ್ಡ್ ಮತ್ತೆ ರೂಢಿಗೆ ತಂದ. ತಮ್ಮ ಆರ್ಥರ್ ಹಾಗೆ ಸಹಿ ಹಾಕಲು ಶುರುಮಾಡಿದ್ದು 1798ರಲ್ಲಿ, ಅದೂ ಭಾರತದಲ್ಲಿದ್ದಾಗ. ಇತಿಹಾಸದ ಪಾಠದಲ್ಲಿ ನಾವು ಉರುಹೊಡೆದ ಆ ಹೆಸರು ಬಂದದ್ದು ರಕ್ತದಿಂದಲ್ಲ, ಉಯಿಲಿನಿಂದ.

ಇನ್ನು ಬಿರುದು. ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂದು ಐದು ಮೆಟ್ಟಿಲು. ಟಿಪ್ಪುವನ್ನು ಸೋಲಿಸಿದ್ದಕ್ಕೆ ರಿಚರ್ಡ್‌ಗೆ 1799ರ ಡಿಸೆಂಬರಿನಲ್ಲಿ ಮಾರ್ಕ್ವೆಸ್ ಪದವಿ ಕೊಟ್ಟರು, ಆದರೆ ಅದು ಐರಿಷ್ ಪದವಿ. ಸುದ್ದಿ ಕಲ್ಕತ್ತೆಗೆ ಮುಟ್ಟಿದಾಗ ಮನುಷ್ಯ ಕುದಿದುಹೋದ. ತನಗೆ ಕೊಟ್ಟಿರುವುದು ಎರಡು ಸಲ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಗೊಣಗಿದ. ಆ ಸಿಟ್ಟಿನಲ್ಲಿ ಒಂದು ಲೆಕ್ಕಾಚಾರವಿದೆ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ಐರ್ಲೆಂಡ್‌ಗಳ ಪದವಿಪಟ್ಟಿಗಳು ಬೇರೆಬೇರೆ. ಐರಿಷ್ ಬಿರುದು ಇದ್ದವರಿಗೆ ಲಂಡನ್ನಿನ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ತಾನಾಗಿ ಕುರ್ಚಿ ಸಿಗುತ್ತಿರಲಿಲ್ಲ. ಹಾಗಾಗಿ ಐರ್ಲೆಂಡಿನಲ್ಲಿ ಗೇಣು ನೆಲವೂ ಇಲ್ಲದವರಿಗೆ ಕೂಡ ಅಗ್ಗದ ಬಹುಮಾನವಾಗಿ ಈ ಬಿರುದು ಹಂಚುತ್ತಿದ್ದರು. ಪ್ಲಾಸಿ ಗೆದ್ದ ಕ್ಲೈವ್‌ಗೆ 1762ರಲ್ಲಿ ಸಿಕ್ಕಿದ್ದೂ ಐರಿಷ್ ಬ್ಯಾರನ್ ಪದವಿಯೇ. ಅದರಿಂದ ಒಂದು ಅನುಕೂಲವೂ ಇತ್ತು, ಲಾರ್ಡ್ ಅನ್ನಿಸಿಕೊಂಡೂ ಕೆಳಮನೆಯಾದ ಕಾಮನ್ಸ್ ಸಭೆಗೆ ಚುನಾವಣೆಗೆ ನಿಲ್ಲಬಹುದಿತ್ತು. ಭಾರತಕ್ಕೆ ವೈಸ್‌ರಾಯ್ ಆಗಿ ಹೊರಟ ಕರ್ಜನ್ 1898ರಲ್ಲಿ ಐರಿಷ್ ಬಿರುದನ್ನೇ ಪಡೆದದ್ದು, ವಾಪಸು ಬಂದಮೇಲೆ ಆ ಬಾಗಿಲು ತೆರೆದಿರಲಿ ಎಂದೇ.

ಮೂರನೆಯದು ರಕ್ತ. ರಿಚರ್ಡ್ ವೆಲ್ಲೆಸ್ಲಿಗೆ ಯಾಸಿಂತ್ ರೋಲಾಂ ಎಂಬ ಫ್ರೆಂಚ್ ಮಹಿಳೆಯಲ್ಲಿ ಐದು ಮಕ್ಕಳು. ಮದುವೆಯಾದದ್ದು 1794ರಲ್ಲಿ, ಐವರೂ ಹುಟ್ಟಿದ ಮೇಲೆ. ಅಪ್ಪ ಅಮ್ಮ ಆಮೇಲೆ ಮದುವೆಯಾದರು ಎಂಬುದು ಅಂದಿನ ಕಾನೂನಿಗೆ ಲೆಕ್ಕವಿಲ್ಲ. 1926ರಲ್ಲಿ ಇಂಗ್ಲೆಂಡಿನ ಕಾನೂನು ಬದಲಾದಾಗಲೂ ಬಿರುದುಗಳನ್ನು ಮಾತ್ರ ಆಚೆ ಇಟ್ಟರು. 1842ರಲ್ಲಿ ರಿಚರ್ಡ್ ಸತ್ತಾಗ ಒಬ್ಬ ಮಗ ಇನ್ನೂ ಬದುಕಿದ್ದ, ಆದರೂ ಮಾರ್ಕ್ವೆಸ್ ಪದವಿ ಅಂದೇ ಅಳಿಯಿತು. ಅಪ್ಪನ ಕಾಲದ ಮಾರ್ನಿಂಗ್ಟನ್ ಅರ್ಲ್ ಪದವಿ ತಮ್ಮ ವಿಲಿಯಮ್‌ಗೆ ಹೋಯಿತು, ಕೊನೆಗೆ 1863ರಲ್ಲಿ ವೆಲಿಂಗ್ಟನ್ ಡ್ಯೂಕರ ಮನೆ ಸೇರಿತು. ಹಾಗಾದರೆ ರಕ್ತ ಎಲ್ಲಿ ಹೋಯಿತು? ಆ ಐವರಲ್ಲಿ ಒಬ್ಬಳಾದ ಆ್ಯನ್‌ಳ ಮೊಮ್ಮಗಳು ಸಿಸಿಲಿಯಾ, ಸಿಸಿಲಿಯಾಳ ಮಗಳು ಎಲಿಜಬೆತ್ ಬೌಸ್-ಲಯನ್, ಆಕೆಯ ಮಗಳು ರಾಣಿ ಎರಡನೇ ಎಲಿಜಬೆತ್. ಆಲೂಗಡ್ಡೆಯ ಬಿರುದಿಗೂ ಅರ್ಹತೆ ಇಲ್ಲದ ಕವಲು ಸಿಂಹಾಸನದ ಮೇಲೆ ಕೂತಿತು.

ಇಷ್ಟಕ್ಕೂ ಬಿರುದು ಯಾರಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಯಾರು? ಯಾರೂ ಅಲ್ಲ, ಸನ್ನದು. ರಾಜ ಮೊಹರು ಹಾಕಿ ಕೊಟ್ಟ ಆ ಕಾಗದದಲ್ಲಿ ಏನು ಬರೆದಿದೆಯೋ ಅಷ್ಟೇ. ಸಾಮಾನ್ಯವಾಗಿ 'ಇವನ ಒಡಲಿನಿಂದ ಸಕ್ರಮವಾಗಿ ಹುಟ್ಟಿದ ಗಂಡು ಸಂತಾನ' ಎಂದಿರುತ್ತದೆ. ದತ್ತುಮಗನಿಗಿಲ್ಲ, ಮಗಳಿಗಿಲ್ಲ, ಮಗಳ ಮಗನಿಗೂ ಇಲ್ಲ. ಅಳಿಯಸಂತಾನದ ಊರಿನವರಿಗೆ ಇದನ್ನು ಹೇಳುವಾಗ ನನಗೇ ನಗು ಬರುತ್ತದೆ.

ಆದರೆ ಈ ಸನ್ನದಿನ ಪದ್ಧತಿ ಐರ್ಲೆಂಡಿನ ಮಣ್ಣಿನದಲ್ಲ. ಅಲ್ಲಿನ ಗೇಲಿಕ್, ಅಂದರೆ ಮೂಲ ಐರಿಷ್, ದೊರೆಗಳಲ್ಲಿ ಹಿರಿಮಗನೇ ಪಟ್ಟಕ್ಕೆ ಬರಬೇಕೆಂಬ ನಿಯಮವಿರಲಿಲ್ಲ. ಒಬ್ಬ ಮುತ್ತಜ್ಜನಿಂದ ಇಳಿದ ದಾಯಾದಿಗಳೆಲ್ಲ ಒಂದು ಗುಂಪು, ಅದಕ್ಕೆ ಡೆರ್ಬ್‌ಫಿನೆ ಎನ್ನುತ್ತಿದ್ದರು. ಅವರಲ್ಲಿ ಗಟ್ಟಿಗನನ್ನು ಆರಿಸಿ, ಹಾಲಿ ದೊರೆ ಬದುಕಿರುವಾಗಲೇ ಉತ್ತರಾಧಿಕಾರಿ ಎಂದು ಸಾರುತ್ತಿದ್ದರು. ಆ ಉತ್ತರಾಧಿಕಾರಿಗೆ ತಾನಿಷ್ಟ ಎಂದು ಹೆಸರು. ಇವತ್ತು ಐರ್ಲೆಂಡಿನ ಉಪಪ್ರಧಾನಿಯನ್ನು ಕರೆಯುವುದೂ ಅದೇ ಪದದಿಂದ. ಯಾರು ಯಾರ ಮಗ ಎಂದು ನೆನಪಿಟ್ಟುಕೊಳ್ಳಲು ಪಂಡಿತ ಮನೆತನಗಳೇ ಇದ್ದವು. ಉತ್ತರ ಕರ್ನಾಟಕದ ಕಡೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಏಳು ತಲೆಮಾರು ಓದಿ ಕಾಳು ಕಟ್ಟಿಸಿಕೊಂಡು ಹೋಗುವ ಹೆಳವರನ್ನು ನೋಡಿದವರಿಗೆ ಇದು ಹೊಸದಲ್ಲ. ಸ್ಲೈಗೋದ ಇಂಥದೊಂದು ಮನೆತನದ ದುಬಾಲ್ತಖ್ ಮಾಕ್ ಫಿರ್‌ವಿಷಿ ಎಂಬಾತ 1649-50ರಲ್ಲಿ, ಇಂಗ್ಲೆಂಡಿನ ದಂಡನಾಯಕ ಕ್ರಾಮ್‌ವೆಲ್‌ನ ಸೈನ್ಯ ದೇಶವನ್ನು ತುಳಿಯುತ್ತಿದ್ದಾಗ, ಗಾಲ್ವೇ ಊರಿನಲ್ಲಿ ಕೂತು ಇಡೀ ಐರ್ಲೆಂಡಿನ ವಂಶಾವಳಿಗಳನ್ನು ಒಟ್ಟುಹಾಕಿದ. ನಾವು ಇಂದಿಗೂ ಅವನ ಬೆನ್ನ ಮೇಲೆ ನಿಂತು ಕೆಲಸ ಮಾಡುತ್ತೇವೆ.

ಈ ಎರಡು ಪದ್ಧತಿಗಳು ಡಿಕ್ಕಿ ಹೊಡೆದದ್ದು 1541ರಲ್ಲಿ ಎಂಟನೇ ಹೆನ್ರಿ ತನ್ನನ್ನು ಐರ್ಲೆಂಡಿನ ರಾಜ ಎಂದು ಘೋಷಿಸಿಕೊಂಡ ಮೇಲೆ. ನಿಮ್ಮ ನೆಲವನ್ನೂ ಗೇಲಿಕ್ ಪಟ್ಟವನ್ನೂ ನನಗೆ ಒಪ್ಪಿಸಿ, ಅದನ್ನೇ ಇಂಗ್ಲಿಷ್ ಬಿರುದಿನ ಜೊತೆ ವಾಪಸು ಕೊಡುತ್ತೇನೆ ಎಂದ. ಅಲ್ಸ್ಟರಿನ ಕಾನ್ ಓನೀಲ್ 1542ರಲ್ಲಿ ಟಿರೋನ್‌ನ ಅರ್ಲ್ ಆದ. ಆ ಸನ್ನದಿನಲ್ಲಿ ಮುಂದಿನ ವಾರಸುದಾರ ಎಂದು ಮ್ಯಾಥ್ಯೂ ಎಂಬ ಮಗನ ಹೆಸರನ್ನೇ ಬರೆಸಿದ. ಈ ಮ್ಯಾಥ್ಯೂ ಡಂಡಾಕ್ ಪಟ್ಟಣದ ಕಮ್ಮಾರನೊಬ್ಬನ ಮನೆಯಲ್ಲಿ ಬೆಳೆದವನು, ಹದಿಹರೆಯಕ್ಕೆ ಬಂದಮೇಲೆ ತಾಯಿ ಇವನು ನಿನ್ನ ಮಗ ಎಂದು ಕಾನ್‌ನ ಮುಂದೆ ತಂದು ನಿಲ್ಲಿಸಿದಳು. ಗೇಲಿಕ್ ಪದ್ಧತಿಯಲ್ಲಿ ತಾಯಿ ಹೇಳಿ ತಂದೆ ಒಪ್ಪಿದರೆ ಮುಗಿಯಿತು. ಕಾನ್‌ನ ಇನ್ನೊಬ್ಬ ಮಗ ಶೇನ್ ಇದನ್ನು ಒಪ್ಪಲಿಲ್ಲ. ಅಪ್ಪ ಸಭ್ಯ ಮನುಷ್ಯ, ಯಾವ ಹೆಂಗಸು ಯಾರನ್ನು ತೋರಿಸಿ ನಿನ್ನ ಮಗ ಎಂದರೂ ಇಲ್ಲ ಎನ್ನುತ್ತಿರಲಿಲ್ಲ ಎಂದು ಲೇವಡಿ ಮಾಡಿದ. ಶೇನ್‌ಗೆ ಮನೆತನದ ಬೆಂಬಲವಿತ್ತು, ಮ್ಯಾಥ್ಯೂಗೆ ಕಾಗದವಿತ್ತು. 1558ರಲ್ಲಿ ಶೇನ್‌ನ ಕಡೆಯವರು ಮ್ಯಾಥ್ಯೂನನ್ನು ಕೊಂದರು. ಆದರೂ ಮುಂದೆ ಅರ್ಲ್ ಆದವನು ಮ್ಯಾಥ್ಯೂನ ಮಗ ಹ್ಯೂ. ಇಂಗ್ಲೆಂಡಿನ ಜೊತೆ ಒಂಬತ್ತು ವರ್ಷ ಯುದ್ಧ ಮಾಡಿ, ಸೋತು, 1607ರ ಸೆಪ್ಟೆಂಬರಿನಲ್ಲಿ ರಾತ್‌ಮಲ್ಲನ್ ದಡದಿಂದ ಹಡಗು ಹತ್ತಿ ಹೊರಟುಹೋದ ಹ್ಯೂ ಓನೀಲ್ ಇವನೇ. ಮರುವರ್ಷ, 1608ರಲ್ಲಿ, ದಾಯಾದಿಗಳಲ್ಲಿ ಆರಿಸುವ ಆ ಹಳೆಯ ಪದ್ಧತಿಗೆ ಕಾನೂನಿನ ಬಲವಿಲ್ಲ ಎಂದು ಡಬ್ಲಿನ್ ನ್ಯಾಯಾಲಯ ತೀರ್ಪು ಕೊಟ್ಟಿತು.

ಓನೀಲರ ಬೆನ್ನಿಗೇ ಸನ್ನದು ಪಡೆದವರು ಕ್ಲೇರ್ ಕೌಂಟಿಯ ಓಬ್ರಿಯನ್ನರು, 1014ರ ಕ್ಲಾಂಟಾರ್ಫ್ ಯುದ್ಧದಲ್ಲಿ ಮಡಿದ ಬ್ರಿಯನ್ ಬೋರು ಸಂತತಿ. 1543ರಲ್ಲಿ ಮರ್ರೋ ಓಬ್ರಿಯನ್‌ಗೆ ಎರಡು ಬಿರುದು ಸಿಕ್ಕವು. ಥೋಮಂಡ್ ಅರ್ಲ್ ಪದವಿ ಅವನ ನಂತರ ಅಣ್ಣನ ಮಗನಿಗೆ, ಇಂಚಿಕ್ವಿನ್ ಬ್ಯಾರನ್ ಪದವಿ ಸ್ವಂತ ಗಂಡುಮಕ್ಕಳಿಗೆ. 1855ರಲ್ಲಿ ಇಂಚಿಕ್ವಿನ್ ಹಿರಿಯ ಕವಲು ಕೊನೆಯಾದಾಗ ಡ್ರೊಮೋಲೆಂಡಿನ ಲೂಸಿಯಸ್ ಓಬ್ರಿಯನ್ ಆ ಬ್ಯಾರನ್ ಪದವಿ ತನ್ನದೆಂದ. ಸತ್ತವನಿಗೂ ಇವನಿಗೂ ಸಂಬಂಧ ಕೂಡಿಸಬೇಕಾದರೆ ಸುಮಾರು 300 ವರ್ಷ ಹಿಂದೆ ಹೋಗಿ ಆ ಮೊದಲ ಮರ್ರೋನನ್ನೇ ಮುಟ್ಟಬೇಕು. ತಾನು ಅವನ ಸಂತತಿ ಎಂದು ತೋರಿಸುವುದು ಸುಲಭದ ಭಾಗ. ತನಗಿಂತ ಹಿರಿಯ ಕವಲುಗಳಲ್ಲಿ ಒಬ್ಬ ಗಂಡಸೂ ಉಳಿದಿಲ್ಲ ಎಂದು ತೋರಿಸಬೇಕು. ಇದ್ದವನನ್ನು ಇದ್ದ ಎನ್ನಲು ಒಂದು ಸಾಲು ಸಾಕು, ಇಲ್ಲದವನನ್ನು ಇಲ್ಲ ಎನ್ನಲು ಇಡೀ ಊರಿನ ಕಡತ ತಿರುವಬೇಕು. ಲಾರ್ಡ್ಸ್ ಸಭೆಯ ಸಮಿತಿ ಹೂಂ ಎಂದದ್ದು 1862ರಲ್ಲಿ. ಇದಕ್ಕೆಲ್ಲ ಮೊದಲೇ ಇವನ ತಮ್ಮ ವಿಲಿಯಮ್ ಸ್ಮಿತ್ ಓಬ್ರಿಯನ್ 1848ರಲ್ಲಿ ರಾಣಿಯ ವಿರುದ್ಧ ದಂಗೆ ಎದ್ದು ಟಾಸ್ಮೇನಿಯಾಕ್ಕೆ ಗಡೀಪಾರಾಗಿದ್ದ.

ಲೂಸಿಯಸ್‌ಗಿದ್ದ ಒಂದು ಸೌಭಾಗ್ಯ ನಮಗಿಲ್ಲ, ಅವನ ಕಾಲಕ್ಕೆ ಕಡತಗಳು ಇದ್ದವು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸ್ಫೋಟಗೊಂಡು ಉರಿಯಿತು. ಮಧ್ಯಯುಗದಿಂದ ಕೂಡಿಟ್ಟ ಉಯಿಲುಗಳು, ಚರ್ಚುಗಳ ಪುಸ್ತಕಗಳು, 19ನೇ ಶತಮಾನದ ಮೊದಲ ನಾಲ್ಕು ಜನಗಣತಿಗಳ ಬಹುಪಾಲು ಬೂದಿಯಾದವು. ಸುಟ್ಟ ಕಾಗದದ ಚೂರುಗಳು ಊರ ಮೇಲೆಲ್ಲ ಹಾರಾಡಿದವಂತೆ.

ನಾವು ಬದುಕಿಕೊಂಡಿರುವುದು ಇಬ್ಬರು ಲಾಂಛನಾಧಿಕಾರಿಗಳ ದಯೆಯಿಂದ. ಮನೆತನಗಳ ಲಾಂಛನ, ವಂಶಾವಳಿ ನೋಡಿಕೊಳ್ಳಲು 1552ರಲ್ಲಿ ಶುರುವಾದ ಕಚೇರಿಯ ಮುಖ್ಯಸ್ಥನನ್ನು ಅಲ್ಸ್ಟರ್ ಕಿಂಗ್ ಆಫ್ ಆರ್ಮ್ಸ್ ಎನ್ನುತ್ತಿದ್ದರು. 19ನೇ ಶತಮಾನದ ಮೊದಲರ್ಧದಲ್ಲಿ ಆ ಕುರ್ಚಿಯಲ್ಲಿದ್ದ ವಿಲಿಯಮ್ ಬೆಥಮ್, 1800ಕ್ಕಿಂತ ಹಿಂದಿನ ದೊಡ್ಡ ಆಸ್ತಿಯ ಉಯಿಲುಗಳನ್ನೆಲ್ಲ ಓದಿ ಯಾರು ಯಾರ ಮಗ ಎಂದು ಟಿಪ್ಪಣಿ ಮಾಡಿಟ್ಟ. ಅದೇ ಕುರ್ಚಿಯ ಆರ್ಥರ್ ವಿಕರ್ಸ್ 1897ರಲ್ಲಿ ಅಂಥ ಉಯಿಲುಗಳ ಹೆಸರುಪಟ್ಟಿ ಅಚ್ಚು ಹಾಕಿಸಿದ. ಈ ವಿಕರ್ಸ್‌ನ ಹೆಸರು ಕೆಟ್ಟದ್ದು ಬೇರೆ ಕಾರಣಕ್ಕೆ, 1907ರಲ್ಲಿ ಅವನ ಸುಪರ್ದಿನಲ್ಲಿದ್ದ ರಾಜಾಭರಣಗಳು ಡಬ್ಲಿನ್ ಕೋಟೆಯಿಂದಲೇ ಕಳುವಾದವು, ಇವತ್ತಿಗೂ ಸಿಕ್ಕಿಲ್ಲ. ನನ್ನ ಮಟ್ಟಿಗೆ ಅವನು ಉಳಿಸಿದ ಆಭರಣ ಆ ಪಟ್ಟಿ. 1708ರಿಂದ ನಡೆದುಬಂದಿರುವ ಪತ್ರ ನೋಂದಣಿ ಕಚೇರಿಯೂ ಬೆಂಕಿಗೆ ಸಿಕ್ಕಲಿಲ್ಲ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ದೊಡ್ಡಪ್ಪ ಅನ್ನಿ. ಮದುವೆಯ ಕರಾರು, ಗುತ್ತಿಗೆ, ಅಡಮಾನ, ಎಲ್ಲ ಅಲ್ಲಿವೆ. ಮಗ ಯಾರು ಎಂದು, ಮನೆಯವರು ಹೆಸರು ಬರೆದಿಡುವ ಬೈಬಲ್ಲಿನ ಮೊದಲ ಪುಟಕ್ಕಿಂತ ಅಡಮಾನ ಪತ್ರ ಹೆಚ್ಚು ಸರಿಯಾಗಿ ಹೇಳುತ್ತದೆ, ಸಾಲ ಕೊಟ್ಟವನು ವಿಚಾರಿಸದೆ ಬಿಡುವುದಿಲ್ಲವಲ್ಲ.

ದಾಖಲೆ ಸುಟ್ಟ ಜಾಗದಲ್ಲಿ ಕಥೆ ಬೆಳೆಯುತ್ತದೆ. ಸ್ವತಂತ್ರ ಐರ್ಲೆಂಡಿನ ಸಂವಿಧಾನದ 40.2ನೇ ವಿಧಿ, ನಮ್ಮ 18ನೇ ವಿಧಿಯಂತೆಯೇ, ಸರ್ಕಾರ ಬಿರುದು ಕೊಡಬಾರದು ಎನ್ನುತ್ತದೆ. ಆದರೂ 1940ರ ದಶಕದಿಂದ ಹಳೆಯ ಗೇಲಿಕ್ ಮನೆತನಗಳ ಹಿರಿಯರನ್ನು 'ಕುಲದ ನಾಯಕ' ಎಂದು ಸೌಜನ್ಯಕ್ಕೆ ಗುರುತಿಸುವ ಪದ್ಧತಿ ಬಂತು. ಮ್ಯಾಕಾರ್ತಿ ಕುಲದ ನಾಯಕನೆಂದು ಹಾಗೆ ಮಾನ್ಯತೆ ಪಡೆದ ಒಬ್ಬನ ವಂಶಾವಳಿ ಕಟ್ಟುಕಥೆ ಎಂದು 1999ರಲ್ಲಿ ಬಯಲಾಯಿತು. ಅಷ್ಟರಲ್ಲಿ ಅವನು ಬೇರೆಯವರಿಗೆ ಬಿರುದು ಮಾರಿಯೂ ಆಗಿತ್ತು. 2003ರಲ್ಲಿ ಮಾನ್ಯತೆ ಕೊಡುವುದನ್ನೇ ನಿಲ್ಲಿಸಿದರು. ಅಂತರ್ಜಾಲದಲ್ಲಿ ಐರಿಷ್ ಲಾರ್ಡ್ ಆಗಿ ಎಂದು ಕರೆಯುವ ಜಾಹೀರಾತು ನೋಡಿದರೆ ಆ ದುಡ್ಡಿನಲ್ಲಿ ಒಳ್ಳೆಯ ಊಟ ಮಾಡಿ.

ಕಾಕ್ಸ್ ಟೌನಿನ ಹಿರಿಯರ ವಿಷಯಕ್ಕೆ ಬರುತ್ತೇನೆ. ಫಿಟ್ಜ್ ಎಂದರೆ ನಾರ್ಮನ್ ಫ್ರೆಂಚಿನಲ್ಲಿ ಮಗ ಎಂದಷ್ಟೇ ಅರ್ಥ. 12ನೇ ಶತಮಾನದಲ್ಲಿ ವೇಲ್ಸ್ ಕಡೆಯಿಂದ ಬಂದಿಳಿದ ಈ ಕುಲದ ಒಂದು ಕವಲು 1316ರಲ್ಲಿ ಕಿಲ್ಡೇರ್ ಅರ್ಲ್, 1766ರಲ್ಲಿ ಲೆನ್‌ಸ್ಟರ್ ಡ್ಯೂಕ್ ಆಯಿತು. ಡಬ್ಲಿನ್ನಿನಲ್ಲಿದ್ದ ಅವರ ಅರಮನೆಯಲ್ಲಿ ಈಗ ಐರಿಷ್ ಸಂಸತ್ತು ಸೇರುತ್ತದೆ. ಇನ್ನೊಂದು ಕವಲಿನ ಗ್ಲಿನ್ ನೈಟ್ ಎಂಬ ಪಟ್ಟ ಸನ್ನದೇ ಇಲ್ಲದೆ ಶತಮಾನಗಳ ಕಾಲ ನಡೆಯಿತು, 29ನೆಯವರು 2011ರಲ್ಲಿ ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡಾಗ ನಿಂತಿತು. ಆದರೆ 800 ವರ್ಷಗಳಲ್ಲಿ ಕಿರಿಮಕ್ಕಳ ಕಿರಿಮಕ್ಕಳು ರೈತರಾದರು, ಒಕ್ಕಲಾದರು, ಕೂಲಿಗಳಾದರು. ಕೆರಿ, ಲಿಮರಿಕ್, ಕಾರ್ಕ್ ಕಡೆ ಫಿಟ್ಜ್‌ಜೆರಾಲ್ಡ್ ಎಂದು ಕೂಗಿದರೆ ಬೀದಿಗೊಬ್ಬರು ತಿರುಗಿ ನೋಡುತ್ತಾರೆ.

ಅವರ ಮೂಲಪುರುಷನ ಸುಳಿವು ಸಿಕ್ಕಿದ್ದು ಲಂಡನ್ನಿನಲ್ಲಿರುವ ಕಂಪನಿ ಸೈನ್ಯದ ಭರ್ತಿ ಪುಸ್ತಕದಲ್ಲಿ. ಊರು ಕೆರಿ ಕೌಂಟಿ. ಕಸುಬಿನ ಕಾಲಮ್ಮಿನಲ್ಲಿ ಕೂಲಿ ಎಂದಿತ್ತು. ಪುಟದ ಪ್ರತಿ ಕಳಿಸಿ, ಡ್ಯೂಕರ ಮನೆಗೆ ಸೇರಿಸಲು ಆಧಾರವಿಲ್ಲ ಎಂದು ಬರೆದೆ. ಎರಡು ವಾರ ಸುದ್ದಿಯಿರಲಿಲ್ಲ. ಆಮೇಲೆ ಇನ್ನೊಂದು ಪತ್ರ ಬಂತು: "ಅದು ಹೋಗಲಿ ಸರ್. ನಮ್ಮ ಅಜ್ಜಿಯ ತವರುಮನೆ ಬರ್ಕ್. ಎಂ.ಜಿ. ರಸ್ತೆಯ ಹತ್ತಿರ ಮೇಯೊ ಹಾಲ್ ಇದೆಯಲ್ಲ, ಆ ಲಾರ್ಡ್ ಮೇಯೊ ಕೂಡ ಬರ್ಕ್ ಅಲ್ವಾ?"

ಹೌದು, ಬರ್ಕ್. ಮೊದಲು ಬರಿ ಬರ್ಕ್. ಅಪ್ಪ ಅರ್ಲ್ ಆದ 1849ರಿಂದ ಹಿರಿಮಗನ ಲೆಕ್ಕದಲ್ಲಿ ಲಾರ್ಡ್ ನೇಸ್. 1867ರಿಂದ ಆರನೇ ಮೇಯೊ ಅರ್ಲ್. ವೈಸ್‌ರಾಯ್ ಆಗಿದ್ದಾಗ 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ಆ ಒಬ್ಬ ಮನುಷ್ಯನನ್ನು ಹುಡುಕಲು ಮೂರು ಹೆಸರುಗಳಲ್ಲಿ ಕಡತ ತೆಗೆಸಬೇಕು. ಅದರ ಮೇಲೆ, 1627ರಲ್ಲಿ ಸೃಷ್ಟಿಯಾಗಿ ಅಳಿದುಹೋದ ಮೇಯೊ ವೈಕೌಂಟರು ಬೇರೆ, 1785ರ ಈ ಅರ್ಲ್ ಮನೆ ಬೇರೆ. ಇದನ್ನೆಲ್ಲ ಹಿರಿಯರಿಗೆ ಆಗಲೇ ಹೇಳಲಿಲ್ಲ. ಅಜ್ಜಿಗೆ ದೀಕ್ಷಾಸ್ನಾನ ಆದದ್ದು ಯಾವ ಚರ್ಚಿನಲ್ಲಿ, ಯಾವ ವರ್ಷ, ಎಂದು ಕೇಳಿ ಬರೆದಿದ್ದೇನೆ.