ಕೆಂಚ ಜಾಸ್ತಿ ನೀರು ಕುಡಿಯುತ್ತಿದ್ದ

ಫೆಬ್ರವರಿಯಲ್ಲಿ ಕೆಂಚ ಜಾಸ್ತಿ ನೀರು ಕುಡಿಯಲು ಶುರು ಮಾಡಿದ. ಕೊಟ್ಟಿಗೆಯ ಪಕ್ಕ ದನಗಳಿಗೆಂದು ಇಟ್ಟ ಕಲ್ಲಿನ ಮರಿಗೆ ಇದೆ. ಅದರ ಅಂಚಿಗೆ ಮುಂಗಾಲು ಕೊಟ್ಟು ಚಪ್ ಚಪ್ ಅಂತ ಒಂದೇ ಸಮನೆ ಕುಡಿಯುತ್ತಿದ್ದ. ಸೆಕೆ ಅಲ್ವಾ, ಕುಡೀಲಿ ಬಿಡು ಅಂದೆವು. ರಾತ್ರಿ ಎರಡೆರಡು ಸಲ ಎದ್ದು ಬಾಗಿಲು ಕೆರೆಯುತ್ತಿದ್ದ. ಮುದಿ ನಾಯಿ, ಉಚ್ಚೆ ತಡೆಯೋಕಾಗಲ್ಲ ಅಂದೆವು. ಎರಡಕ್ಕೂ ನಮ್ಮ ಹತ್ತಿರ ಉತ್ತರ ತಯಾರಿತ್ತು. ಏಪ್ರಿಲ್ ಹೊತ್ತಿಗೆ ಅವನ ಬಾಯಿಂದ ದನದ ಗಂಜಲದಂಥ ವಾಸನೆ ಬರತೊಡಗಿತು. ಆಗ ಮಾತ್ರ ಅವನನ್ನು ಜೀಪಿಗೆ ಹತ್ತಿಸಿಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು. ಬೇರೆ ದಿನವಾಗಿದ್ದರೆ ಕಿಟಕಿಯಿಂದ ಮೂಗು ಹೊರಗೆ ಹಾಕುತ್ತಿದ್ದವನು ಅವತ್ತು ಅಪ್ಪಯ್ಯನ ಕಾಲ ಮೇಲೆ ತಲೆಯಿಟ್ಟು ಮಲಗಿದ್ದ.

ಡಾಕ್ಟರು ಮೊದಲು ಅವನ ತುಟಿ ಎತ್ತಿ ಒಸಡು ನೋಡಿದರು. ಗುಲಾಬಿ ಇರಬೇಕಾದದ್ದು ತೊಳೆದ ಬಟ್ಟೆಯ ಹಾಗೆ ಬಿಳಿಚಿತ್ತು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 7.8 ಬಂತು. ಆರೋಗ್ಯವಂತ ನಾಯಿಯಲ್ಲಿ ಅದು 1.4ರ ಒಳಗಿರಬೇಕು. 5 ದಾಟಿದರೆ ಕಿಡ್ನಿ ಕಾಯಿಲೆಯ ಕೊನೆಯ ಹಂತ.

"ಎರಡು ತಿಂಗಳ ಹಿಂದೆ ಚೆನ್ನಾಗೇ ಇದ್ದನಲ್ಲ ಡಾಕ್ಟ್ರೇ" ಅಂದರು ಅಪ್ಪಯ್ಯ.

"ಚೆನ್ನಾಗಿ ಕಾಣ್ತಿದ್ದ. ಒಳಗೆ ಎರಡು ವರ್ಷದಿಂದಲೇ ಇದ್ದಿರಬಹುದು" ಅಂದರು ಅವರು.

ಕಾಯಿಲೆಯಿಂದ ನಾಯಿ ಕಳೆದುಕೊಂಡ ಮನೆಯಲ್ಲೆಲ್ಲ ಒಂದು ಮಾತು ಕೇಳುತ್ತದೆ. ಇನ್ನೊಂದು ತಿಂಗಳು ಮೊದಲೇ ಕರ್ಕೊಂಡು ಹೋಗಬೇಕಿತ್ತು. ನಮ್ಮ ಮನೆಯಲ್ಲೂ ಅದೇ ಮಾತು. ಆ ಮಾತು ಎಷ್ಟು ನಿಜ ಅಂತ ತಲೆಗೆ ಹುಳ ಬಿಟ್ಟುಕೊಂಡು ಓದಿದೆ, ಡಾಕ್ಟರನ್ನು ಪೀಡಿಸಿದೆ.

ಕಿಡ್ನಿ ಅಂದರೆ ಒಂದೇ ದೊಡ್ಡ ಸೋಸಣಿಗೆಯಲ್ಲ. ನಾಯಿಯ ಒಂದೊಂದು ಕಿಡ್ನಿಯಲ್ಲಿ ನೆಫ್ರಾನ್ ಎಂಬ ಪುಟ್ಟ ಸೋಸಣಿಗೆಗಳು ಸುಮಾರು 4 ಲಕ್ಷ ಇರುತ್ತವೆ. ನಮ್ಮಲ್ಲಿ ಸುಮಾರು 10 ಲಕ್ಷ. ಹಾಳಾದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ, ಉಳಿದವೇ ಅದರ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಅಡಿಕೆ ಸುಲಿಯುವ ರಾತ್ರಿ ನಾಲ್ಕು ಜನ ಕೈಕೊಟ್ಟರೆ ಬಂದವರೇ ಕೂತು ಮುಗಿಸುವುದಿಲ್ಲವೇ, ಹಾಗೆ. ಬೆಳಗ್ಗೆ ನೋಡಿದವರಿಗೆ ಸುಲಿದ ಅಡಿಕೆ ಅಷ್ಟೇ ಕಾಣುತ್ತದೆ. ಎಷ್ಟು ಜನ ಸುಲಿದರು, ಯಾರ ಬೆರಳು ಬೊಬ್ಬೆ ಬಂತು ಅಂತ ಗೊತ್ತಾಗುವುದಿಲ್ಲ. ಕ್ರಿಯಾಟಿನಿನ್ ಕೂಡ ಹಾಗೇ. ಅದು ಸ್ನಾಯುಗಳಿಂದ ಬರುವ ಕಸ. ನೂರಕ್ಕೆ ಎಪ್ಪತ್ತೈದು ನೆಫ್ರಾನ್ ಹೋಗುವವರೆಗೂ ರಕ್ತದಲ್ಲಿ ಅದರ ಲೆಕ್ಕ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಕೈಬಿಡುತ್ತದೆ. ಸೋಸಿದ ನೀರನ್ನು ಮೈಗೆ ವಾಪಸ್ ಎಳೆದುಕೊಂಡು ಉಚ್ಚೆಯನ್ನು ಗಟ್ಟಿ ಮಾಡುವ ಕೆಲಸ. ಮೂರರಲ್ಲಿ ಎರಡು ಪಾಲು ನೆಫ್ರಾನ್ ಹೋದಾಗಲೇ ಅದು ನಿಲ್ಲುತ್ತದೆ. ನೀರು ತಡೆಯಿಲ್ಲದೆ ಹೊರಗೆ ಹೋಗುತ್ತದೆ, ನಾಯಿಗೆ ಬಾಯಾರುತ್ತದೆ. ಅಂದರೆ ನಾವು ತಲೆಕೆಳಗಾಗಿ ಓದಿದ್ದೆವು. ಕೆಂಚ ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತಿರಲಿಲ್ಲ. ಮೈಯಲ್ಲಿ ನೀರು ನಿಲ್ಲದೆ ಕುಡಿಯುತ್ತಿದ್ದ. ಉಚ್ಚೆ ಎಷ್ಟು ಗಟ್ಟಿ ಇದೆ ಅಂತ ನೋಡಲು ಒಂದು ಹನಿ ಸಾಕು, ಒಂದು ನಿಮಿಷದ ಪರೀಕ್ಷೆ. ಫೆಬ್ರವರಿಯಲ್ಲಿ ಆ ಒಂದು ಹನಿ ತೋರಿಸಿದ್ದರೂ ಗೊತ್ತಾಗುತ್ತಿತ್ತು. ಹಾಗೆಂದು ಅವನು ಉಳಿಯುತ್ತಿರಲಿಲ್ಲ. ಊಟ ಬದಲಿಸಿ, ಔಷಧಿ ಕೊಟ್ಟು ಇನ್ನಷ್ಟು ತಿಂಗಳು ಆರಾಮಾಗಿ ಇಡಬಹುದಿತ್ತು.

ಆ ಗಂಜಲದ ವಾಸನೆಯೂ ಸುಮ್ನೆ ಬಂದದ್ದಲ್ಲ. ಕಿಡ್ನಿ ಹೊರಗೆ ಹಾಕದ ಯೂರಿಯಾ ಜೊಲ್ಲಿನಲ್ಲಿ ಸೇರುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಕೊಟ್ಟಿಗೆಯ ಗಂಜಲದ ಕಾಲುವೆಯಲ್ಲಿ ಬೆಳಗ್ಗೆ ಮೂಗಿಗೆ ಹೊಡೆಯುವುದೂ ಇದೇ ಅಮೋನಿಯಾ.

ಸರಿ, ಕಿಡ್ನಿ ಹಾಳಾದದ್ದು ಯಾಕೆ? ನಾಯಿಗೆ ಮುಪ್ಪು ಸಾಕು, ಇಲಿಜ್ವರವೂ ಸಾಕು. ಆದರೆ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. "ಉಣುಗು ಹತ್ತುತ್ತಿತ್ತಾ?" ಅಮ್ಮ ನಕ್ಕುಬಿಟ್ಟರು. ಮಲೆನಾಡಿನಲ್ಲಿ ಉಣುಗು ಹತ್ತದ ನಾಯಿ ಎಲ್ಲಿದೆ?

ಸಂಜೆ ಬಚ್ಚಲ ಒಲೆಯ ಮುಂದೆ ಅಮ್ಮ ಮಣೆ ಹಾಕಿ ಕೂರುತ್ತಿದ್ದರು. ಕೆಂಚ ಬಂದು ತೊಡೆಗೆ ಒರಗುತ್ತಿದ್ದ. ಕಿವಿಯ ಮಡಿಕೆ, ಬೆರಳ ಸಂದು, ಕತ್ತಿನ ಪಟ್ಟಿಯ ಕೆಳಗೆ ಹುಡುಕಿ ಒಂದೊಂದಾಗಿ ಕಿತ್ತು ಕೆಂಡಕ್ಕೆ ಹಾಕುವುದು. ರಕ್ತ ಕುಡಿದು ಊದಿದ್ದಾದರೆ ಚಟ್ ಅಂತ ಸಿಡಿಯುತ್ತಿತ್ತು. ಆ ಸದ್ದಿಗೆ ಅವನ ಒಂದು ಕಿವಿ ಮಾತ್ರ ಅಲ್ಲಾಡುತ್ತಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ಊದಿದ ಉಣುಗು ಥೇಟ್ ಔಡಲ ಬೀಜ. ನಮಗೆ ಮಾತ್ರ ಹಾಗೆ ಕಂಡದ್ದಲ್ಲ. ಔಡಲದ ವೈಜ್ಞಾನಿಕ ಹೆಸರು ರಿಸಿನಸ್. ಲ್ಯಾಟಿನ್ ಭಾಷೆಯಲ್ಲಿ ರಿಸಿನಸ್ ಅಂದರೆ ಉಣುಗು.

ಉಣುಗು ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು. ಅದನ್ನು ಹರಡುವ ಮುಖ್ಯ ಉಣುಗು ಕಾಡಿನದು. ಕೆಂಚನಿಗೆ ಹತ್ತುತ್ತಿದ್ದದ್ದು ಹೆಚ್ಚಾಗಿ ಬೇರೆ, ಕಂದು ಬಣ್ಣದ ನಾಯಿ ಉಣುಗು. ಅದಕ್ಕೆ ಕಾಡಿಗಿಂತ ಮನೆಯೇ ಇಷ್ಟ. ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಇಳಿದು ಗೋಡೆ ಹತ್ತಿ ಬಿರುಕಿನಲ್ಲಿ, ತೊಲೆಯ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಿಂದ ಬಂದ ಮರಿಗಳಲ್ಲಿ, ಡಾಕ್ಟರು ಅನುಮಾನಪಟ್ಟ ಎರ್ಲಿಕಿಯಾ ಎಂಬ ರೋಗಾಣು ಇರುವುದಿಲ್ಲ. ರೋಗ ಇರುವ ನಾಯಿಯ ರಕ್ತ ಕುಡಿದಾಗ ಮಾತ್ರ ಅವಕ್ಕೆ ಅಂಟುತ್ತದೆ, ಮುಂದಿನ ನಾಯಿಗೆ ದಾಟುತ್ತದೆ.

1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಿದ ಬ್ಯಾಕ್ಟೀರಿಯಾ ಇದು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದ ಸೇನೆಯ ನೂರಾರು ನಾಯಿಗಳು ಮೂಗಿನಲ್ಲಿ ರಕ್ತ ಸುರಿದು ಸತ್ತ ಮೇಲೆ ಇದರ ಹೆಸರು ಎಲ್ಲ ಕಡೆ ಗೊತ್ತಾಯಿತು. ಇದರ ಜಾಣತನ ನೋಡಿ. ರೋಗಾಣುವನ್ನು ಹಿಡಿದು ನುಂಗಬೇಕಾದ ಬಿಳಿ ರಕ್ತಕಣದ ಒಳಗೇ ಇದು ಮನೆ ಮಾಡುತ್ತದೆ. ಎಷ್ಟೋ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಇರುವ, ದೇಹ ನೋಡಿದ ಕೂಡಲೇ ಗುರುತು ಹಿಡಿಯುವ ಸಾಮಗ್ರಿ ಇದರಲ್ಲಿ ಇಲ್ಲವೇ ಇಲ್ಲ. ಕಚ್ಚಿದ ಎರಡು ಮೂರು ವಾರಕ್ಕೆ ಜ್ವರ ಬರುತ್ತದೆ, ನಾಯಿ ಊಟ ಬಿಡುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಇಳಿಯುತ್ತವೆ. ಆಮೇಲೆ ಎಷ್ಟೋ ನಾಯಿಗಳು ತಾವೇ ಎದ್ದು ಓಡಾಡುತ್ತವೆ. ರೋಗ ಹೋಗಿರುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಗುಲ್ಮದಲ್ಲಿ ಅಡಗಿ ಕೂರುತ್ತದೆ. ಅದನ್ನು ಓಡಿಸಲು ದೇಹ ಕಳಿಸುವ ಪ್ರತಿಕಾಯಗಳೇ ಗಂಟುಗಟ್ಟಿ ಕಿಡ್ನಿಯ ಜಾಲರಿಯಲ್ಲಿ ಸಿಕ್ಕಿಕೊಂಡು ಅದನ್ನು ಹಾಳು ಮಾಡುತ್ತವೆ.

ಇದನ್ನು ಕೇಳುತ್ತಿದ್ದಾಗ ನನಗೆ ಮೂರು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಕೆಂಚ ನಾಲ್ಕು ದಿನ ಒಲೆಯ ಬೂದಿ ಬಿಟ್ಟು ಎದ್ದಿರಲಿಲ್ಲ. ಮೂಗಿನಿಂದ ತೊಟ್ಟು ತೊಟ್ಟು ರಕ್ತ. ಉಂಬಳ ಮೂಗಿಗೆ ಹೊಕ್ಕಿದೆ ಅಂದುಕೊಂಡೆವು. ನಮ್ಮ ಕಡೆ ಗದ್ದೆಗೆ ಇಳಿದ ನಾಯಿಗೆ ಅದು ಮಾಮೂಲಿ. ಉಪ್ಪುನೀರು ಬಿಟ್ಟೆವು, ಉಂಬಳ ಬರಲಿಲ್ಲ, ರಕ್ತ ತಾನೇ ನಿಂತಿತು. ಐದನೇ ದಿನ ಅವನು ತೋಟದಲ್ಲಿ ಮಂಗ ಓಡಿಸುತ್ತಿದ್ದ. ಅವತ್ತೇ ರಕ್ತ ತೋರಿಸಿ ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ನುಂಗಿಸಿದ್ದರೆ? ನುಂಗಿಸಿದ್ದರೆ ಬಹುಶಃ ಇದಾಗುತ್ತಿರಲಿಲ್ಲ. ತಡವಾಗಿದ್ದು ಒಂದು ತಿಂಗಳಲ್ಲ, ಮೂರು ವರ್ಷ. ಆದರೆ ಆ ಮೂರು ವರ್ಷದಲ್ಲಿ ಯಾವ ದಿನ ಅವನನ್ನು ನೋಡಿ ಕಾಯಿಲೆ ಅನ್ನಬಹುದಿತ್ತು? ಒಂದು ದಿನವೂ ಇಲ್ಲ.

ನಮ್ಮ ಕಡೆ ನಾಯಿ ಹದಿಮೂರು ವರ್ಷ ಬದುಕಿ ಕಾಯಿಲೆಯಿಂದ ಸಾಯುವುದೇ ಅಪರೂಪ. ಅದಕ್ಕೂ ಮೊದಲು ಚಿರತೆ ಒಯ್ದಿರುತ್ತದೆ. ಬೆಳಗ್ಗೆ ಸರಪಳಿ ಮಾತ್ರ ಉಳಿದಿರುತ್ತದೆ. ಹಾಗಾಗಿ ಕಾಯಿಲೆ ಬಿದ್ದ ನಾಯಿಯನ್ನು ಏನು ಮಾಡಬೇಕು ಅಂತ ಅಪ್ಪಯ್ಯನಿಗೆ ಗೊತ್ತಿರಲಿಲ್ಲ. ಐದು ದಿನ ಡ್ರಿಪ್ ಹಾಕಿಸಿ ಮನೆಗೆ ತಂದೆವು. ಕ್ರಿಯಾಟಿನಿನ್ 6ಕ್ಕೆ ಇಳಿದು ಮತ್ತೆ ಏರಿತು.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಇಂಥ ದಿನಗಳಿಗೆ ಅಂತಲೇ ಒಂದು ಲೆಕ್ಕ ಮಾಡಿದ್ದಾರೆ. ನೋವು, ಹಸಿವು, ಮೈಯಲ್ಲಿ ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯೇ ಅನ್ನುವುದು. ಏಳಕ್ಕೂ ಹತ್ತರಲ್ಲಿ ಅಂಕ. ಒಟ್ಟು 35ರ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಪ್ರೀತಿಯನ್ನು ಮಾರ್ಕ್ಸ್ ಕಾರ್ಡ್ ಮಾಡಿದ ಹಾಗೆ ಕಂಡು ನನಗೆ ಮೊದಲು ಸಿಟ್ಟೇ ಬಂತು. ಆದರೂ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯತೊಡಗಿದೆ. 41, 38, 38, 33. ಬರೆಯದಿದ್ದರೆ ನಾನು ದಿನಾ ಇವತ್ತು ಸ್ವಲ್ಪ ಪರವಾಗಿಲ್ಲ ಅಂತಲೇ ಹೇಳಿಕೊಳ್ಳುತ್ತಿದ್ದೆ.

ಒಂದು ಸಂಜೆ ಅಮ್ಮ ಬಂಗುಡೆ ಬೇಯಿಸಿ ಮುಳ್ಳು ಬಿಡಿಸಿ ಮೂಗಿನ ಹತ್ತಿರ ಹಿಡಿದರು. ಅವನು ಮೂಸಿದ. ತುಟಿ ನೆಕ್ಕಿಕೊಂಡ. ಒಮ್ಮೆ, ಇನ್ನೊಮ್ಮೆ. ಅಮ್ಮನ ಮುಖ ಅರಳಿತು. ಆಮೇಲೆ ಅವನು ಮುಖ ತಿರುಗಿಸಿದ. ಸುಮ್ಮಸುಮ್ಮನೆ ತುಟಿ ನೆಕ್ಕುವುದು ನಾಯಿಯಲ್ಲಿ ಓಕರಿಕೆಯ ಗುರುತು ಅಂತ ನನಗೆ ಗೊತ್ತಾದದ್ದು ಆಮೇಲೆ. ರಕ್ತದಲ್ಲಿ ನಿಂತ ಕಸ ಮಿದುಳಿನ ವಾಂತಿ ಕೇಂದ್ರವನ್ನು ಕೆಣಕುತ್ತಲೇ ಇರುತ್ತದೆ. ಅಮ್ಮನಿಗೆ ನಾನು ಇದನ್ನು ಹೇಳಿಲ್ಲ.

"ನಾವೇ ಇಂಜೆಕ್ಷನ್ ಕೊಡಿಸೋದು ಬೇಡ ಮಾರಾಯ" ಅನ್ನುತ್ತಿದ್ದ ಅಪ್ಪಯ್ಯ ಕ್ಯಾಲೆಂಡರಿನಲ್ಲಿ 19 ಬರೆದ ದಿನ ತಾವೇ ಡಾಕ್ಟರಿಗೆ ಫೋನ್ ಮಾಡಿದರು.

ಡಾಕ್ಟರು ಮನೆಗೇ ಬಂದರು. ಜಗಲಿಯ ಮೇಲೆ, ಅವನದೇ ಗೋಣಿಚೀಲದ ಮೇಲೆ. ಮೊದಲು ಮಂಪರಿನ ಇಂಜೆಕ್ಷನ್. ಎರಡನೆಯದು ಬಾರ್ಬಿಟ್ಯುರೇಟ್ ಜಾತಿಯ ಔಷಧಿ. ಅದೇ ಜಾತಿಯ ಥಯೋಪೆಂಟೋನನ್ನು 1934ರಿಂದ ಮನುಷ್ಯರಿಗೆ ಆಪರೇಷನ್ ಮೊದಲು ಅರಿವಳಿಕೆಗೆ ಕೊಡುತ್ತ ಬಂದಿದ್ದಾರೆ. ಮಿದುಳಿಗೆ ತನ್ನದೇ ಒಂದು ಬ್ರೇಕು ಇದೆ, ಗಾಬಾ ಎಂಬ ರಾಸಾಯನಿಕ. ಈ ಔಷಧಿ ಆ ಬ್ರೇಕನ್ನೇ ಒತ್ತಿ ಹಿಡಿಯುತ್ತದೆ. ಮೊದಲು ಹೋಗುವುದು ಎಚ್ಚರ, ಅದರ ಜೊತೆಗೆ ನೋವೂ ಭಯವೂ. ಆಮೇಲೆ ಮಿದುಳಿನ ಬುಡದಲ್ಲಿರುವ ಉಸಿರಿನ ಕೇಂದ್ರ. ಕೊನೆಗೆ ಹೃದಯ. ಕ್ರಮ ಇದೇ. ಉಸಿರು ನಿಲ್ಲುವ ಹೊತ್ತಿಗೆ ಅದು ಗೊತ್ತಾಗಲು ಅವನು ಇರುವುದಿಲ್ಲ.

"ಕಣ್ಣು ಮುಚ್ಚಲ್ಲ, ಗಾಬರಿಯಾಗಬೇಡಿ" ಅಂತ ಡಾಕ್ಟರು ಮೊದಲೇ ಹೇಳಿದ್ದರು. ಕಣ್ಣು ಮುಚ್ಚಲು ಸ್ನಾಯು ಕೆಲಸ ಮಾಡಬೇಕು. ಸಿನಿಮಾದಲ್ಲಿ ಮುಚ್ಚುತ್ತದೆ, ಅಷ್ಟೇ. ಸಿರಿಂಜು ಖಾಲಿಯಾಗಿ ಒಂದು ನಿಮಿಷವೂ ಆಗಿರಲಿಲ್ಲ. ಒಂದು ಸಲ ದೀರ್ಘ ಉಸಿರು ಎಳೆದ ಹಾಗಾಯಿತು. ಅದು ಬರೀ ಸ್ನಾಯುವಿನ ಸೆಳೆತ. ಗೊತ್ತಿದ್ದೂ ನಾನು ಅವನ ಹೆಸರು ಕರೆದೆ.

ಹಲಸಿನ ಮರದ ಕೆಳಗೆ ಗುಂಡಿ ತೋಡಿದೆವು. ಎರಡು ಅಡಿಗೇ ಜಂಬಿಟ್ಟಿಗೆ ಸಿಕ್ಕಿ ಹಾರೆ ಠಣ್ ಅಂತು. ಸಾಕು ಅಂದೆ. ಡಾಕ್ಟರು ಸಾಲದು ಅಂದರು. ಆ ಔಷಧಿ ಹೆಣದಲ್ಲಿ ಬೇಗ ಕರಗುವುದಿಲ್ಲ. ಹಂದಿಯೋ ನರಿಯೋ ಅಗೆದು ತಿಂದರೆ ಅದೂ ಸಾಯುತ್ತದೆ. ನಾಲ್ಕು ಅಡಿ ಆಗುವಷ್ಟರಲ್ಲಿ ಕತ್ತಲಾಯಿತು. ಮೇಲೆ ಚಪ್ಪಡಿ ಎಳೆದೆವು.

"ನಾಯಿಗೂ ಕಲ್ಲು ಹಾಕ್ತಾರೇನೋ" ಅಂತ ಪಕ್ಕದ ಮನೆಯ ದೊಡ್ಡಪ್ಪ ಮೆಲ್ಲಗೆ ಅಂದರು. ಹಾಕಿದ್ದಾರೆ. ಹತ್ತನೇ ಶತಮಾನದ ನಡುವಿನಲ್ಲಿ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ. ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಯುದ್ಧ ಗೆದ್ದ ಮಣಲೇರ ಎಂಬ ವೀರ ಬೇರೇನೂ ಕೇಳದೆ ಗಂಗರ ಬೂತುಗನಿಂದ ಬೇಡಿ ಪಡೆದ ನಾಯಿ ಅದು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಳಿ ಹೋರಾಡಿ ಸತ್ತದ್ದು ಸರಿ. ಕೆಲಸಕ್ಕೆ ಬಾರದ, ಕಾಯಿಲೆಯ ನಾಯಿಗೂ ಜನ ಹೀಗೇ ಮಾಡಿದ್ದಾರೆ. ಜರ್ಮನಿಯ ಬಾನ್ ಹತ್ತಿರ 1914ರಲ್ಲಿ ಸಿಕ್ಕಿದ ಸಮಾಧಿಯಲ್ಲಿ ಇಬ್ಬರು ಮನುಷ್ಯರ ಜೊತೆ ಒಂದು ನಾಯಿಮರಿಯಿದೆ, ಸುಮಾರು 14,000 ವರ್ಷ ಹಳೆಯದು. ಅದಕ್ಕೆ ಡಿಸ್ಟೆಂಪರ್ ರೋಗ ಬಂದದ್ದು ಹಲ್ಲಿನ ಗುರುತಿನಿಂದ ಗೊತ್ತಾಗಿದೆ. ಕಾಯಿಲೆ ಬಿದ್ದ ಮೇಲೂ ಅದು ವಾರಗಟ್ಟಲೆ ಬದುಕಿತ್ತು. ಯಾರೋ ಬೆಚ್ಚಗಿಟ್ಟು, ನೀರು ಕುಡಿಸಿ, ಒರೆಸಿರಬೇಕು.

ಹೂಳುವ ಮುಂಚೆ ಅಮ್ಮ ಕೆಂಚನ ಮೈ ಒರೆಸುತ್ತಿದ್ದಾಗ ಕಿವಿಯಿಂದ ಒಂದು ಉಣುಗು ಇಳಿದು ಗೋಣಿಯ ಮೇಲೆ ನಡೆಯಿತು. ಹಿಂದೆಯೇ ಇನ್ನೊಂದು. ಮೈಯ ಬಿಸಿ, ಉಸಿರಿನ ಇಂಗಾಲಾಮ್ಲ ಹಿಡಿದೇ ಉಣುಗು ಪ್ರಾಣಿಯನ್ನು ಹುಡುಕುವುದು. ಎರಡೂ ನಿಂತರೆ ಇಳಿದು ಮುಂದಿನದನ್ನು ಹುಡುಕುತ್ತದೆ. ಮಂಗ ಸತ್ತ ಜಾಗಕ್ಕೆ ಹೋಗಬೇಡಿ ಅಂತ ಆರೋಗ್ಯ ಇಲಾಖೆಯವರು ಹೇಳುವುದೂ ಇದಕ್ಕೇ. ಅಪ್ಪಯ್ಯ ಗೋಣಿಯನ್ನು ಹಾಗೇ ಸುತ್ತಿ ಬಚ್ಚಲ ಒಲೆಗೆ ತುರುಕಿದರು. ಚಟ್, ಚಟ್ ಅಂತು.

ಜಗಲಿಯ ಕೆಳಗೆ ಕೂತಿದ್ದ ಚಿಕ್ಕಿ ಎದ್ದು ಬಂದು ಗೋಣಿ ಇದ್ದ ಜಾಗ ಮೂಸಿದಳು. ಅವಳಿಗೆ ಎರಡು ವರ್ಷ. ಚೆನ್ನಾಗಿ ತಿನ್ನುತ್ತಾಳೆ, ತೋಟವೆಲ್ಲ ಸುತ್ತುತ್ತಾಳೆ, ನೋಡಿದರೆ ಏನೂ ಇಲ್ಲ. ಸೋಮವಾರ ಅವಳ ರಕ್ತ ಕೊಟ್ಟು ಬಂದೆವು. ಪ್ಲೇಟ್ಲೆಟ್ 90 ಸಾವಿರ. ಎರಡು ಲಕ್ಷ ಇರಬೇಕಿತ್ತು. ಈಗ ಅದೇ ಕ್ಯಾಲೆಂಡರಿನಲ್ಲಿ 19ರ ಪಕ್ಕದಿಂದ ಅಮ್ಮ ಗೀಟು ಎಳೆಯುತ್ತಾರೆ, ದಿನಕ್ಕೊಂದು. ರೊಟ್ಟಿಯಲ್ಲಿ ಸುತ್ತಿ ಕೊಟ್ಟರೆ ಚಿಕ್ಕಿ ರೊಟ್ಟಿ ತಿಂದು ಮಾತ್ರೆ ಉಗಿಯುತ್ತಾಳೆ. ಇವತ್ತಿಗೆ ಹನ್ನೊಂದು.