ಹೆರಿಗೆ ಆಯ್ತು, ತಾಯಿ ಬದುಕಿದಳು. ಆಮೇಲೆ?

ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿ ಶುರುವಾದರೆ ಹೆಣ್ಣುಮಕ್ಕಳು ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲುತ್ತಾರೆ. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಸೋರುವವರು ಅವರಲ್ಲೂ ಇದ್ದಾರೆ. ಕೇಳಿದರೆ, "ಹಡೆದ ಮ್ಯಾಲೆ ಇದೆಲ್ಲಾ ಇದ್ದದ್ದ ಬಿಡ್ರಿ" ಅನ್ನುತ್ತಾರೆ.

ಸೊಂಟದ ತಳದಲ್ಲಿ, ಮುಂದಿನ ಮೂಳೆಯಿಂದ ಬಾಲಮೂಳೆಯವರೆಗೆ, ಜೋಳಿಗೆಯ ಹಾಗೆ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳಕ್ಕೆಲ್ಲ ಅದೇ ಆಸರೆ. ಮಗುವಿನ ತಲೆ ಹೊರಬರುವಾಗ ಇದರ ಕೆಲವು ಭಾಗ ಮೂರು ಪಟ್ಟು ಹಿಗ್ಗುತ್ತದೆ. ಕೆಲವರಿಗೆ ಸ್ನಾಯು ಮೂಳೆಯಿಂದಲೇ ಕಿತ್ತು ಬರುತ್ತದೆ. ಮಲದ್ವಾರದವರೆಗೆ ಹರಿದರೆ ಗಾಳಿ, ಮಲ ಕೂಡ ತಡೆಯಲಾಗುವುದಿಲ್ಲ. ಸಿಸೇರಿಯನ್ ಆದವರಿಗೆ ಈ ತೊಂದರೆ ಕಡಿಮೆ. ಆದರೆ ಇಲ್ಲವೇ ಇಲ್ಲ ಅಂತಲ್ಲ, ಒಂಬತ್ತು ತಿಂಗಳ ಭಾರ ಹೊತ್ತದ್ದು ಇದೇ ಸ್ನಾಯು.

ಹಿಂದೆ ಇನ್ನೂ ಘೋರವಾದದ್ದು ಫಿಸ್ಟುಲಾ. ಮಗು ದಿನಗಟ್ಟಲೆ ಸಿಕ್ಕಿಕೊಂಡರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು ಮೂತ್ರ ಸದಾ ಸೋರುತ್ತದೆ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದ ವೈದ್ಯ ಮೇರಿಯನ್ ಸಿಮ್ಸ್ ಇದನ್ನು ಹೊಲಿಯುವುದನ್ನು ಕಲಿತದ್ದು ಗುಲಾಮ ಹೆಂಗಸರ ಮೈಮೇಲೆ. ಅರಿವಳಿಕೆ ಕೊಡದೆ, ಅನಾರ್ಕಾ ಎಂಬಾಕೆಗೆ ಸುಮಾರು 30 ಸಲ. ಆ ಹೆಂಗಸರ ಹೆಸರು ಬಹುಕಾಲ ಯಾರಿಗೂ ಬೇಕಾಗಿರಲಿಲ್ಲ. ಸಿಮ್ಸ್‌ಗೆ ಮಾತ್ರ ನ್ಯೂಯಾರ್ಕ್‌ನಲ್ಲಿ ಪ್ರತಿಮೆ! ಅದನ್ನು ತೆಗೆದದ್ದು 2018ರಲ್ಲಿ.

1920ರಲ್ಲಿ ಇನ್ನೊಬ್ಬ ಅಮೆರಿಕನ್ ವೈದ್ಯ ಡಿಲೀ, ಯೋನಿದ್ವಾರವನ್ನು ಮೊದಲೇ ಕತ್ತರಿಸಿ, ಮಗುವಿನ ತಲೆಗೆ ಇಕ್ಕುಳ ಹಾಕಿ ಹೊರತೆಗೆದರೆ ಸ್ನಾಯು ಉಳಿಯುತ್ತದೆ ಎಂದರು. ಹೆರಿಗೆಗೆ ಬಂದವರಿಗೆಲ್ಲ ಕತ್ತರಿ ಹಾಕುವುದು ರೂಢಿಯಾಯಿತು. ಹೀಗೆ ಎಲ್ಲರಿಗೂ ಸುಮ್ನೆ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೂ ಹೇಳಬೇಕಾಯಿತು. ಸಡಿಲವಾದ ಸ್ನಾಯು ಗಟ್ಟಿಯಾಗಲು 1948ರಲ್ಲಿ ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ ಹೇಳಿದ್ದು ಸರಳ: ಗಾಳಿ ತಡೆಯುವ ಹಾಗೆ ಅದನ್ನು ಬಿಗಿಹಿಡಿದು, ಬಿಡಿ. ಖರ್ಚಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟು ಬಾಣಂತಿಯರಿಗೆ ಇದನ್ನು ಹೇಳಿಕೊಟ್ಟಿದ್ದಾರೆ?

2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು. ಸೂಲಗಿತ್ತಿಯ ಕೈಯಿಂದ ಹೆರಿಗೆ ಆಸ್ಪತ್ರೆಗೆ ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ ರಾಜ್ಯದ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ. ಇದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಲೆಕ್ಕ ಇಟ್ಟದ್ದು ಸಾವಿನದು. ಕೊಪ್ಪಳದಲ್ಲಿ ಸಂಶೋಧಕಿ ಗೀತಾ ಸೇನ್ ಮತ್ತು ಸಂಗಡಿಗರು ತಾಯಂದಿರ ಸಾವಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಬೆಳಗಾವಿ ಅಧಿವೇಶನದಲ್ಲೂ ಗದ್ದಲವಾಯಿತು. ಆಗಲೇಬೇಕಿತ್ತು. ಬದುಕಿ ಉಳಿದು, ಸೋರುತ್ತಾ ಕೂಲಿಗೆ ಹೋಗುವವಳ ಬಗ್ಗೆ ಯಾವ ಸದನದಲ್ಲಿ ಗದ್ದಲವಾದೀತು?

ಕೊನೆಗೆ ಎಷ್ಟೋ ಹೆಂಗಸರಿಗೆ ಸಿಗುವ ಉತ್ತರ ಒಂದೇ: ಗರ್ಭಕೋಶ ತೆಗೆಸಿಬಿಡಿ. ಜಾರಿದ ಗರ್ಭಕೋಶಕ್ಕೆ ಕೆಲವೊಮ್ಮೆ ಅದು ಬೇಕೂ ಆಗುತ್ತದೆ. ಆದರೆ ಕೆಳಗಿನ ಜೋಳಿಗೆ ಸಡಿಲವಾಗಿಯೇ ಇದ್ದರೆ ಉಳಿದದ್ದು ಮತ್ತೆ ಜಾರಬಹುದು. ಅದಕ್ಕೂ ಮೊದಲು ವ್ಯಾಯಾಮವಿದೆ, ಜಾರಿದ್ದಕ್ಕೆ ಆಸರೆಯಾಗಿ ಯೋನಿಯೊಳಗೆ ಇಡುವ ಉಂಗುರವಿದೆ. ಬ್ರಿಟನ್‌ನ ಮಾರ್ಗಸೂಚಿ ಪ್ರಕಾರ, ಸೋರಿಕೆ ಇರುವವರು ದಿನಕ್ಕೆ ಮೂರು ಹೊತ್ತು, ಪ್ರತಿ ಸಲ ಕನಿಷ್ಠ 8 ಬಾರಿ ಬಿಗಿಹಿಡಿಯಬೇಕು. ಹೀಗೆ ಕನಿಷ್ಠ ಮೂರು ತಿಂಗಳು. ನಮ್ಮ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬರುವ ಕೊನೆಯ ಭೇಟಿ 42ನೇ ದಿನ. ಮಗುವಿನ ತೂಕ ನೋಡಿ ಬರೆದುಕೊಳ್ಳುವ ಆ ಹೊತ್ತಿನಲ್ಲೇ ತಾಯಿಯನ್ನೂ ಒಂದು ಮಾತು ಕೇಳಬಹುದು: ಕೆಮ್ಮಿದರೆ ಸೋರುತ್ತದೇನವ್ವಾ?